ಎಡಗೈಗೆ ಕೊಡದ ಕತ್ತಿ

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಬಾಯಿ ತೆರೆಯುವುದೂ ಬೇಕಿರಲಿಲ್ಲ. ದೇರಪ್ಪ ಮುಖದ ಜಾಲರಿ ಮೇಲಕ್ಕೆತ್ತಿ ನನ್ನನ್ನೇ ನೋಡುತ್ತಾ ನಿಂತಿದ್ದ. ಅವನಿಗೂ ನನಗೂ ನಡುವೆ ಹತ್ತು ಹೆಜ್ಜೆ ಜಾಗ ಇದ್ದಿರಬಹುದು. ಆ ಹೊತ್ತಿನಲ್ಲಿ ನಾನು ಬಗ್ಗಿ ಬೂಟಿನ ದಾರ ಕಟ್ಟಿದೆ. ದಾರ ಸಡಿಲಾಗಿರಲಿಲ್ಲ.

ಅದನ್ನು ಹೇಳುವ ಮೊದಲು ಕತ್ತಿಯ ವಿಷಯ ಹೇಳಬೇಕು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೆಯ ವರ್ಷ, ಎಪ್ರಿಲ್ ತಿಂಗಳಲ್ಲಿ, ನಾನು ಮಿಲಿಟರಿಯಿಂದ ಬಿಡುಗಡೆಯಾಗಿ ಕಕ್ಕಬೆಗೆ ಬಂದೆ. ಹವಾಲ್ದಾರ್ ಆಗಿದ್ದೆ, ಕೊನೆಯ ಆರು ವರ್ಷ ಪುಣೆಯಲ್ಲಿ ಕಸರತ್ತು ಕಲಿಸುವ ಶಾಲೆಯಲ್ಲಿದ್ದೆ. ಅಲ್ಲಿ ಬಾಕ್ಸಿಂಗ್ ಇತ್ತು, ಹಗ್ಗ ಹತ್ತುವುದು ಇತ್ತು, ಫೆನ್ಸಿಂಗ್ ಎಂಬ ಕತ್ತಿಯಾಟವೂ ಇತ್ತು. ನನಗೆ ಹಿಡಿಸಿದ್ದು ಅದೊಂದೇ. ಹೊರಡುವಾಗ ಅದನ್ನು ಕಲಿಸಿದ ಉಸ್ತಾದರು ಹಳೆಯ ಎರಡು ಕತ್ತಿ, ಎರಡು ಜಾಲರಿ ಮುಖವಾಡ, ಹತ್ತಿ ತುಂಬಿ ಹೊಲಿದ ಎರಡು ಬಿಳಿ ಕೋಟು ಕೊಟ್ಟು, "ಊರಲ್ಲಿ ತುಕ್ಕು ಹಿಡಿಸಬೇಡ" ಎಂದರು.

ಮನೆಯಲ್ಲಿ ಟ್ರಂಕು ಬಿಚ್ಚಿದಾಗ ಅತ್ತಿಗೆ ತಂಗಮ್ಮ ಬಾಗಿಲಲ್ಲಿ ನಿಂತು ನೋಡಿದರು. ಕತ್ತಿ ಎಂದರೆ ಕಿರುಬೆರಳಿಗಿಂತ ಸಪೂರ, ಕೈಯಷ್ಟು ಉದ್ದ, ಬಾಯಿ ಇಲ್ಲ, ತುದಿಯಲ್ಲಿ ಚುಚ್ಚದಂತೆ ಒಂದು ಗುಂಡಿ.

"ಎಂತ ಪದ್ಮಯ್ಯ, ಇಷ್ಟಗಲ ಒಡಿಕತ್ತಿ ಇರುವ ಮನೆಗೆ ದಬ್ಬಣ ತಂದಿಯಲ್ಲ. ಕಾಫಿ ಮೂಟೆ ಹೊಲಿಯಿಕೆ ಜನ ಇಲ್ಲೆ ಅಂತನಾ?"

"ಇದು ಆಟದ ಕತ್ತಿ ಅತ್ತಿಗೆ."

"ಹದಿನೇಳು ವರ್ಷ ಸರ್ಕಾರದ ಅನ್ನ ತಿಂದ್ ನೀ ಕಲ್ತದ್ ಇದಾ?"

ಅಂದಿನಿಂದ ಊರಿಗೆಲ್ಲ ಅದು ಪದ್ಮಯ್ಯನ ದಬ್ಬಣವಾಯಿತು. ನನಗೇನೂ ಬೇಸರವಾಗಲಿಲ್ಲ. ಅತ್ತಿಗೆಗೆ ಹಾಗೆ ಮಾತಾಡುವ ಹಕ್ಕಿತ್ತು. ಅಣ್ಣ ತೀರಿಕೊಂಡು ಎಂಟು ವರ್ಷವಾಗಿತ್ತು. ನಾನು ದೂರದಲ್ಲಿ ಲೆಫ್ಟ್ ರೈಟ್ ಮಾಡಿಕೊಂಡಿದ್ದಾಗ ಗದ್ದೆಯನ್ನೂ ಹತ್ತೆಕರೆ ಕಾಫಿಯನ್ನೂ ಮಗನನ್ನೂ ನೋಡಿಕೊಂಡವರು ಅವರು. ಆ ಮಗನೇ ದೇರಪ್ಪ. ನಾನು ಬಂದಾಗ ಅವನಿಗೆ ಹತ್ತೊಂಬತ್ತು.

ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಸೆಗಣಿ ಸಾರಿಸಿ ಗಟ್ಟಿಯಾದ ನೆಲ, ಪುಣೆಯ ಹಲಗೆ ನೆಲಕ್ಕೆ ಏನೂ ಕಡಿಮೆಯಿಲ್ಲ. ಒಂದು ಸಂಜೆ ಅಲ್ಲಿ ಒಬ್ಬನೇ ಕಾಲು ಚುರುಕು ಮಾಡಿಕೊಳ್ಳುತ್ತಿದ್ದೆ. ದೇರಪ್ಪ ಬಂದು ಬದಿಯಲ್ಲಿ ಕುಳಿತ. ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಕತ್ತಿ ಎತ್ತಿಕೊಂಡ. ಎಡಗೈಯಲ್ಲಿ.

"ಹೇಂಗೆ ಚಿಕ್ಕಪ್ಪ? ಹಿಂಗೆಯಾ?"

ನಾನು ತಿದ್ದಲಿಲ್ಲ. ಯಾಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಈ ಆಟದಲ್ಲಿ ಎದುರಾಳಿಯ ಎದೆಗೋ ಹೊಟ್ಟೆಗೋ ಬೆನ್ನಿಗೋ ಕತ್ತಿಯ ತುದಿ ಮುಟ್ಟಿಸಬೇಕು. ಮುಟ್ಟಿದರೆ ಒಂದು ತಾಗು. ಐದು ತಾಗಿಗೆ ಆಟ ಮುಗಿಯಿತು. ಎಲ್ಲರೂ ಬಲಗೈಯವರ ಎದುರೇ ಕಲಿತಿರುತ್ತಾರೆ. ಎಡಗೈಯವನ ಕತ್ತಿ ನಾವು ಬಾಗಿಲು ಹಾಕಿಕೊಳ್ಳಲು ಕಲಿಯದ ಕಡೆಯಿಂದ ಬರುತ್ತದೆ. ಪುಣೆಯಲ್ಲಿ ನಾಯಕ್ ದರ್ಜೆಯ ಎಡಗೈಯವನೊಬ್ಬ ಇದ್ದ, ಗಢವಾಲದವನು. ಅವನ ಎದುರು ನಾನು ಒಂದು ದಿನವೂ ಗೆದ್ದವನಲ್ಲ. ಉಸ್ತಾದರು ನಮ್ಮ ಆಟ ನೋಡುವಾಗ ಬೀಡಿ ಸೇದುತ್ತಾ ಕೂರುತ್ತಿದ್ದರು, ಅವನು ಬಂದು ನಿಂತರೆ ಮಾತ್ರ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಎಡಗೈಯವನು ಸಾವಿರಕ್ಕೊಬ್ಬ ಸಿಗುತ್ತಾನೆ, ಸಿಕ್ಕರೆ ಕೆಡಿಸಬೇಡಿ ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿತ್ತು. ಇದು ನನಗೆ ಗೊತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ಮಾಡಿದೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಎಪ್ರಿಲ್, ಮೇ ಎರಡು ತಿಂಗಳು ಕಣದಲ್ಲಿ ಆಡಿದೆವು. ಮಳೆ ಹಿಡಿದ ಮೇಲೆ ಕಾಫಿ ಗೋದಾಮಿನಲ್ಲಿ ಚೀಲಗಳನ್ನು ಒಂದು ಕಡೆಗೆ ಒಟ್ಟಿ ಜಾಗ ಮಾಡಿಕೊಂಡೆವು. ದೇರಪ್ಪನಿಗೆ ಆ ಹುಚ್ಚು ಎಷ್ಟು ಹಿಡಿಯಿತೆಂದರೆ ನೇಗಿಲ ಹಿಂದೆ ಹೋಗುವಾಗಲೂ ಒಂದು ಹೆಜ್ಜೆ ಮುಂದಿಟ್ಟು ಮೊಣಕಾಲು ಬಗ್ಗಿಸಿ ನೋಡುತ್ತಿದ್ದ. ಎತ್ತುಗಳು ನಿಂತುಬಿಡುತ್ತಿದ್ದವು. ಅತ್ತಿಗೆ ಗದ್ದೆಯ ಬದುವಿನಿಂದ, "ಅಲ್ಲಿ ಯಾರಿಗೆ ಚುಚ್ಚಿಕೆ ಹೊರಟದ್ ಮಾರಾಯಾ, ಏಡಿಗಾ?" ಎಂದು ಕೂಗುತ್ತಿದ್ದರು.

ಒಂದು ದಿನ ಅವನು ಕೇಳಿದ, "ಪುಣೆಗೆ ಹೋಗಿ ಕಲಿಯಕ್ಕೆ ನಂಗೆ ಆಗುವುದಾ ಚಿಕ್ಕಪ್ಪ?"

"ಯಾಕೆ ಆಗಲ್ಲ. ಯಾರಾದರೂ ದೊಡ್ಡವರು ಕಳಿಸಿಕೊಡಬೇಕು ಅಷ್ಟೆ."

ಅದಾದ ಮೇಲೆ ಅವನು ಬೇರೇನನ್ನೂ ಕೇಳಿದವನಲ್ಲ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ಆಯುಧಗಳನ್ನು ದೇವರ ದೀಪದ ಮುಂದಿಟ್ಟು ಪೂಜೆ ಮಾಡುವ ಹಬ್ಬ. ಐನ್‌ಮನೆಯಲ್ಲಿ, ಎಂದರೆ ನಮ್ಮ ಮನೆತನದವರೆಲ್ಲರ ಮೂಲ ಮನೆಯಲ್ಲಿ, ಕೋವಿ, ಒಡಿಕತ್ತಿ, ಈಟಿಗಳನ್ನು ಸಾಲಾಗಿ ಒರಗಿಸಿ ಒಂದೊಂದಕ್ಕೂ ಹೂ ಸಿಕ್ಕಿಸುತ್ತಾರೆ. ಪೂಜೆಯಾದ ಮೇಲೆ ಮನೆಯ ಹಿರಿಯರು ಒಬ್ಬೊಬ್ಬ ಗಂಡಸನ್ನೇ ಕರೆದು ಅವನವನ ಆಯುಧ ಕೈಗೆ ಕೊಡುತ್ತಾರೆ. ಆ ವರ್ಷ ನಾನೇ ನನ್ನ ಎರಡು ದಬ್ಬಣಗಳನ್ನೂ ಒಯ್ದು ಕೋವಿಗಳ ಪಕ್ಕ ಇಟ್ಟೆ. ಹೆಮ್ಮೆ ಅದು. ಯಾರೂ ಇಡು ಎಂದಿರಲಿಲ್ಲ.

ಹಿರಿಯರು ಎಂದರೆ ಬೆಳ್ಯಪ್ಪಜ್ಜ, ನಮ್ಮ ತಂದೆಯ ಚಿಕ್ಕಪ್ಪ. ಎಂಬತ್ತರ ಹತ್ತಿರ. ನನಗೆ ಒಂದು ಕತ್ತಿ ಕೊಟ್ಟರು, ಕಣ್ಣಿಗೊತ್ತಿಕೊಂಡು ಹಿಂದೆ ಸರಿದೆ. ಆಮೇಲೆ ದೇರಪ್ಪನನ್ನು ಕರೆದು ಇನ್ನೊಂದನ್ನು ಚಾಚಿದರು. ಅವನು ಆ ಕತ್ತಿ ಹಿಡಿಯುತ್ತಿದ್ದದ್ದು ಯಾವ ಕೈಯಲ್ಲೋ ಆ ಕೈ ತಾನಾಗಿ ಮುಂದೆ ಬಂತು.

ಅಜ್ಜ ಕತ್ತಿಯನ್ನು ಹಿಂದಕ್ಕೆ ಎಳೆದುಕೊಂಡರು.

"ಯಾವ ಕೈ ಅದ್?"

ದೇರಪ್ಪ ತಡವರಿಸಿ ಬಲಗೈ ಚಾಚಿದ. ಅಜ್ಜ ಕೊಡಲಿಲ್ಲ.

"ದೀಪದ ಎದುರು ಎಡಗೈಗೆ ಆಯುಧ ಕೊಡುವ ಕ್ರಮ ಈ ಮನೆಲಿ ಇಲ್ಲೆ. ಯಾರ್ ಕಲಿಸಿದ್ ಇವಂಗೆ?"

ನಲವತ್ತು ಜನ ಇದ್ದರು. ಹೆಂಗಸರು ಬಾಗಿಲ ಆಚೆ. ಯಾರೋ ಒಬ್ಬ ಹಿಂದಿನಿಂದ, "ಮಿಲಿಟರಿ ಕ್ರಮ ಇರೊಕು ಅಜ್ಜ" ಎಂದ. ನಾಲ್ಕು ಜನ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಮುಂದೆ ಹೋಗಿ, "ತಪ್ಪಾತ್ ಅಜ್ಜ. ಇನ್ನು ಮೇಲೆ ಇವನ ಎಡಗೈಗೆ ನಾನು ಕತ್ತಿ ಕೊಡುವುದಿಲ್ಲ" ಎಂದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ದೇರಪ್ಪನ ಬಲಗೈ ಹಿಡಿದು ದೀಪದ ಕಂಬದ ಬುಡಕ್ಕೆ ಮುಟ್ಟಿಸಿ, "ಚಿಕ್ಕಪ್ಪ ಹೇಳುವವರೆಗೆ ಎಡಗೈಲಿ ಹಿಡಿಯಲ್ಲ ಅಂತ ಹೇಳು" ಎಂದೆ.

ಅವನು ಹೇಳಿದ. ಅಜ್ಜ ಕತ್ತಿ ಕೊಟ್ಟರು.

ಅಲ್ಲಿಂದ ಎಲ್ಲ ಮೊದಲಿನಿಂದ ಶುರು. ಕೈ ಬದಲಾದರೆ ಕಾಲೂ ಬದಲಾಗಬೇಕು, ಮುಂದಿರುವ ಕಾಲು ಹಿಂದೆ, ಹಿಂದಿರುವುದು ಮುಂದೆ. ಬಲಗೈಯಲ್ಲಿ ನಿಂತರೆ ಅವನು ಬೇರೆ ಯಾರದೋ ಚಪ್ಪಲಿ ಹಾಕಿಕೊಂಡು ನಡೆಯುವವನ ಹಾಗೆ ಕಾಣುತ್ತಿದ್ದ. ನಾನು ಜೋರಾಗಿ ಮುಂದೆ ನುಗ್ಗಿದರೆ ಕತ್ತಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಡಗೈಗೆ ಹಾರುತ್ತಿತ್ತು. ಮೊದಲು ಬೈದೆ. ಆಮೇಲೆ ನನ್ನ ಕೆಂಪು ಚೇಲೆ, ಹಬ್ಬದ ದಿನ ಕುಪ್ಯ ಎಂಬ ಉದ್ದ ಕರಿ ಅಂಗಿಯ ಮೇಲೆ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ, ಅದನ್ನು ತಂದು ಅವನ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಸೇರಿಸಿ ಕಟ್ಟಿದೆ. ಹಗ್ಗ ಬೇಡ, ನೋವಾಗುತ್ತದೆ ಎಂದು ರೇಷ್ಮೆ. ಅದನ್ನು ಆಗ ನಾನು ದೊಡ್ಡ ಕರುಣೆ ಎಂದುಕೊಂಡಿದ್ದೆ.

ಐದಾರು ತಿಂಗಳು ಕಟ್ಟಿ ಕಲಿಸಿದೆ. ಅವನು ಒಂದು ದಿನವೂ ಬೇಡ ಎನ್ನಲಿಲ್ಲ. ಕಟ್ಟುವ ಹೊತ್ತಿಗೆ ತಾನೇ ತಿರುಗಿ ನಿಂತು ಕೈ ಹಿಂದೆ ಕೊಡುತ್ತಿದ್ದ. ನಿಧಾನಕ್ಕೆ ಬಲಗೈ ಹದಕ್ಕೆ ಬಂತು. ಒಳ್ಳೆಯ ಆಟಗಾರನಾದ. ಆದರೆ ಒಳ್ಳೆಯ ಆಟಗಾರರು ಬಹಳ ಜನ ಇರುತ್ತಾರೆ.

ನಾನು ಊರಿಗೆ ಬಂದು ಎರಡು ವರ್ಷ ತುಂಬುವ ಹೊತ್ತಿಗೆ, ಮಾರ್ಚಿನಲ್ಲಿ, ಮಡಿಕೇರಿಯಿಂದ ಸುದ್ದಿ ಬಂತು. ಅಲ್ಲಿ ಒಬ್ಬರು ರಿಟೈರ್ಡ್ ಮೇಜರ್ ಇದ್ದರು, ನಾಲ್ಕು ಹುಡುಗರಿಗೆ ಇದೇ ಆಟ ಕಲಿಸುತ್ತಿದ್ದರು. ನನ್ನ ದಬ್ಬಣದ ಸಂಗತಿ ಯಾರೋ ಅವರಿಗೆ ಮುಟ್ಟಿಸಿದ್ದರು. ಮೇ ತಿಂಗಳಲ್ಲಿ ಒಂದು ಪಂದ್ಯ ಇಡುತ್ತೇನೆ, ನಿನ್ನ ಹುಡುಗನನ್ನು ಕರೆದುಕೊಂಡು ಬಾ, ಗೆದ್ದ ಒಬ್ಬನನ್ನು ಪುಣೆಯ ಶಾಲೆಗೆ ನಾನೇ ಕಾಗದ ಕೊಟ್ಟು ಕಳಿಸುತ್ತೇನೆ ಎಂದು ಬರೆದಿದ್ದರು. ದೇರಪ್ಪ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಮಡಚಿದ ಕಡೆಯೆಲ್ಲ ಅದು ಹರಿದು ನಾಲ್ಕು ತುಂಡಾಯಿತು.

ಪಂದ್ಯಕ್ಕೆ ಒಂದೂವರೆ ತಿಂಗಳಿರುವಾಗ ಅವನು ಕಿತ್ತಳೆ ಮರದಿಂದ ಜಾರಿ ಬಲ ಮಣಿಕಟ್ಟು ಉಳುಕಿಸಿಕೊಂಡ. ಅತ್ತಿಗೆ ಎಣ್ಣೆ ತಿಕ್ಕಿ ಬಟ್ಟೆ ಸುತ್ತಿದರು. ಆ ಸಂಜೆಯೂ ಅವನು ಕಣಕ್ಕೆ ಬಂದ.

"ಚಿಕ್ಕಪ್ಪ, ಒಂದ್ ಸಲ. ಇವತ್ತು ಒಂದ್ ದಿನ. ಇಲ್ಲಿ ಯಾರೂ ಇಲ್ಲೆ, ಕಾಲಾದರೂ ಓಡಾಡಿಕೊಂಡಿರಲಿ."

ಯಾವ ಕೈ ಎಂದು ಅವನು ಹೇಳಲಿಲ್ಲ. ನಾನೂ ಕೇಳದೆ ಕತ್ತಿ ಎಸೆದೆ. ಎಡಗೈಯಲ್ಲಿ ಹಿಡಿದ. ಕಣದ ಆ ತುದಿಯಲ್ಲಿ ಅತ್ತಿಗೆ ಒಣಗಿದ ಕಾಳುಮೆಣಸನ್ನು ಗೆರಸೆಗೆ ತುಂಬುತ್ತಿದ್ದರು, ಅವರನ್ನು ನಾವಿಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದೂವರೆ ವರ್ಷ ಕತ್ತಿ ಮುಟ್ಟದಿದ್ದ ಕೈ. ಸೊರಗಿರುತ್ತದೆ ಎಂದುಕೊಂಡಿದ್ದೆ. ಮೊದಲ ತಾಗು ಎದೆಗೆ ಬಿತ್ತು, ಕತ್ತಿ ಬಂದದ್ದೇ ಕಾಣಲಿಲ್ಲ. ಎರಡನೆಯದು ಪಕ್ಕೆಗೆ. ಮೂರನೆಯದಕ್ಕೆ ನಾನು ಪುಣೆಯ ಆರು ವರ್ಷದ ನನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಅವನು ನನ್ನ ಕತ್ತಿಯನ್ನು ಮೆಲ್ಲಗೆ, ಮಲಗಿರುವ ಬೆಕ್ಕನ್ನು ಸರಿಸುವ ಹಾಗೆ ಸರಿಸಿ, ಹೊಟ್ಟೆಗೆ ಮುಟ್ಟಿಸಿದ. ನಾಲ್ಕು. ಐದು. ನನ್ನದು ಒಂದೂ ಇಲ್ಲ. ಅವನು ಮುಖವಾಡ ತೆಗೆದು ನಗುತ್ತಿದ್ದ. ಚಿಕ್ಕಪ್ಪನೂ ನಗುತ್ತಾನೆ ಎಂದುಕೊಂಡು ನಕ್ಕ ನಗು ಅದು.

"ಸಾಕು. ಕತ್ತಿ ಇಡು. ಮಾತು ಮರೆತುಹೋಯ್ತಾ?" ಎಂದೆ.

ಅವನ ನಗು ಹೋಯಿತು. ಕತ್ತಿಯನ್ನು ಒರೆಸಿ ಇಟ್ಟ. ನಾನು ಹೊಳೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಮೇ ತಿಂಗಳ ಪಂದ್ಯಕ್ಕೆ ಬೆಳ್ಯಪ್ಪಜ್ಜ ತಾನೂ ಬರುತ್ತೇನೆ ಎಂದು ಹೊರಟರು. ಬೆಳಗಿನ ಬಸ್ಸಿಗೆ ಕುಪ್ಯ ತೊಟ್ಟು, ಚೇಲೆ ಕಟ್ಟಿ, ಬೆಳ್ಳಿ ಹಿಡಿಯ ಕೋಲು ಹಿಡಿದು, ಮದುವೆಗೆ ಹೊರಟವರ ಹಾಗೆ. ಮಡಿಕೇರಿಯಲ್ಲಿ ಒಂದು ಹಳೆಯ ಬಂಗಲೆಯ ಹಾಲ್. ನೆಲಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಐವತ್ತು ಅರವತ್ತು ಜನ. ಮೇಜರರು ತೆಳ್ಳಗೆ, ನೆಟ್ಟಗೆ, ಬಿಳಿ ಮೀಸೆ. ಅಜ್ಜನನ್ನು ಕಂಡವರೇ ಬಗ್ಗಿ ಕಾಲು ಮುಟ್ಟಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ನಾನು ಅಜ್ಜನ ಪಕ್ಕ.

ದೇರಪ್ಪ ಮೊದಲ ಇಬ್ಬರನ್ನು ಬಲಗೈಯಲ್ಲೇ ಗೆದ್ದ. ಕೊನೆಯ ಆಟ ಪುಟ್ಟರಾಜು ಎಂಬವನ ಜೊತೆ. ಕೊಡ್ಲಿಪೇಟೆ ಕಡೆಯ ಹುಡುಗ, ಮಡಿಕೇರಿಯಲ್ಲಿ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಗಿಡ್ಡ, ಗಟ್ಟಿ, ಬಾಯಿ ಜೋರು.

"ಏನಣ್ಣ, ಕಕ್ಕಬೆಯಿಂದ ಜೇನು ತರ್ತೀರಾ ಅಂದ್ಕೊಂಡಿದ್ದೆ, ಕತ್ತಿ ತಂದಿದ್ದೀರಾ?"

"ಜೇನು ಬೇಕಾದರೆ ಹುಳ ಕಚ್ಚಿಸಿಕೊಳ್ಳಬೇಕು," ಎಂದ ದೇರಪ್ಪ. ಜನ ನಕ್ಕರು. ಅಜ್ಜನೂ ನಕ್ಕರು.

ಇಬ್ಬರೂ ಕತ್ತಿಯ ಹಿಡಿಯನ್ನು ಗಲ್ಲದ ಹತ್ತಿರ ತಂದು ನೇರ ಮೇಲಕ್ಕೆತ್ತಿ, ಹಿರಿಯರಿಗೊಂದು, ಮೇಜರರಿಗೊಂದು, ಪರಸ್ಪರ ಒಂದು ಸಲಾಮು ಮಾಡಿದರು. ಆಟ ಶುರುವಾಯಿತು. ಎರಡಕ್ಕೆ ಎರಡು. ಮೂರಕ್ಕೆ ಎರಡು. ಮುಂದೆ ಇದ್ದವನು ಪುಟ್ಟರಾಜು. ಆಗ ಅವನು ದೇರಪ್ಪನ ಕತ್ತಿಗೆ ಬಲವಾಗಿ ಬಡಿದ. ಉಳುಕಿದ್ದ ಮಣಿಕಟ್ಟು ಪೂರ್ತಿ ವಾಸಿಯಾಗಿರಲಿಲ್ಲ. ಕತ್ತಿ ಕೈಬಿಟ್ಟು ಹಾರಿತು. ಅದು ನೆಲ ಮುಟ್ಟುವ ಮೊದಲೇ ದೇರಪ್ಪನ ಎಡಗೈ ಹೋಗಿ ಅದನ್ನು ಹಿಡಿಯಿತು. ಬರೇ ಹಿಡಿಯಲಿಲ್ಲ. ಹಿಡಿದ ಹಾಗೆಯೇ ಕಾಲು ಬದಲಾಗಿ, ಮೊಣಕೈ ಸರಿಯಾಗಿ ಮಡಚಿ, ತುದಿ ಪುಟ್ಟರಾಜುವಿನ ಎದೆಗೆ ನೇರವಾಗಿ ನಿಂತಿತು. ಕಲಿತವರಿಗೆ ಮಾತ್ರ ತಿಳಿಯುವ ಸಂಗತಿ. ಮೇಜರರು ಕೈಯೆತ್ತಿ ಆಟ ನಿಲ್ಲಿಸಿದರು.

"ತಮ್ಮಾ, ನೀನು ಲೆಫ್ಟ್ ಹ್ಯಾಂಡಾ?"

"ಹೌದು ಸರ್."

"ಮತ್ತೆ ಬಲಗೈಲಿ ಯಾಕೆ ಒದ್ದಾಡ್ತಾ ಇದ್ದೀಯ? ನನ್ನ ಅಡ್ಡಿ ಏನೂ ಇಲ್ಲ. ಆ ಕೈಲೇ ಆಡು, ನಾನೂ ನೋಡ್ತೇನೆ."

ದೇರಪ್ಪ ಮುಖವಾಡ ಮೇಲಕ್ಕೆತ್ತಿ ನನ್ನ ಕಡೆ ನೋಡಿದ. ಮೇಜರರೂ ಅವನ ನೋಟ ಹೋದ ಕಡೆಗೆ ತಿರುಗಿದರು. ಹಾಲಿನಲ್ಲಿದ್ದವರೆಲ್ಲ ತಿರುಗಿದರು. ನನ್ನ ಎಡಕ್ಕೆ ಬೆಳ್ಯಪ್ಪಜ್ಜನ ಕೋಲು, ಅದರ ಮೇಲೆ ಎರಡೂ ಕೈ. ನಲವತ್ತು ಜನರ ಮುಂದೆ ದೀಪ ಮುಟ್ಟಿಸಿದವನು ನಾನು. ಆ ಕಣದ ಸಂಜೆಯ ಐದು ತಾಗು ನನ್ನ ಪಕ್ಕೆಯಲ್ಲೇ ಇತ್ತು. ಯಾವುದು ಎಷ್ಟು ಎಂದು ಈಗಲೂ ನನಗೆ ತೂಗಿ ಹೇಳಲು ಬಾರದು.

ಬಗ್ಗಿದೆ. ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಬಿಗಿಯಾಗಿ ಎರಡು ಗಂಟು ಹಾಕಿದೆ. ತಲೆಯೆತ್ತಿದಾಗ ಕತ್ತಿ ಅವನ ಬಲಗೈಯಲ್ಲಿತ್ತು, ಮುಖವಾಡ ಕೆಳಗೆ ಬಂದಿತ್ತು.

ಅವನು ನಾಲ್ಕಕ್ಕೆ ನಾಲ್ಕು ಮಾಡಿದ. ಅದನ್ನು ಹೇಳಬೇಕು. ಆ ಮಣಿಕಟ್ಟಿನಲ್ಲಿ ಇನ್ನೆರಡು ತಾಗು ಮುಟ್ಟಿಸಿದ. ಐದನೆಯದು ಪುಟ್ಟರಾಜುವಿನದು.

ಆಟ ಮುಗಿದ ಮೇಲೆ ಪುಟ್ಟರಾಜು ಬಂದು ಅವನನ್ನು ತಬ್ಬಿಕೊಂಡ. "ಅಣ್ಣ, ಬಿಡು, ನಂಗೆ ಗೊತ್ತು. ಆ ಕೈಲಿ ನೀನು ಹಿಡಿದು ನಿಂತ್ಯಲ್ಲ, ಅಷ್ಟಕ್ಕೇ ನಾನು ಸೋತೆ ಅಂದ್ಕೊಂಡೆ. ಯಾಕಣ್ಣ ಆಡ್ಲಿಲ್ಲ?"

"ನಮ್ಮಲ್ಲಿ ಹಾಗೆ," ಎಂದ ದೇರಪ್ಪ. ಅಷ್ಟೇ ಎಂದ.

ಮೇಜರರು ನನ್ನ ಹತ್ತಿರ ಬಂದು ಏನನ್ನೋ ಕೇಳುವವರಿದ್ದರು. ನನ್ನ ಮುಖ ನೋಡಿ ಕೇಳದೆ ಹೋದರು.

ಸಂಜೆಯ ಬಸ್ಸಿನಲ್ಲಿ ದೇರಪ್ಪ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ಕುಳಿತಿದ್ದ. ನಾನೂ ಅಜ್ಜನೂ ಮುಂದೆ. ಬಸ್ಸು ಮಡಿಕೇರಿ ಬಿಟ್ಟು ಇಳಿಯತೊಡಗಿದ ಮೇಲೆ ಅಜ್ಜ ಕೇಳಿದರು, "ಅಲ್ಲ ಪದ್ಮಯ್ಯ, ಆ ಮೇಜರ್ ನಡುವಿಲಿ ನಿಲ್ಲಿಸಿ ಎಂತ ಹೇಳ್ದ್? ನಂಗೆ ಸರಿ ಕೇಳಿಲೆ."

"ಎಡಗೈಲಿ ಆಡು ಅಂದರು."

"ಮತ್ತೆ ಆಡುವುದಲ್ಲನಾ?"

ನಾನು ಅವರ ಮುಖ ನೋಡಿದೆ. "ಅಜ್ಜ, ನೀವೇ ಅಲ್ಲವಾ, ಕೈಲ್ ಮುಹೂರ್ತದ ದಿನ..."

"ಅದ್ ದೀಪದ ಎದುರು, ನಾನ್ ಕೊಡುವ ಆಯುಧಕ್ಕೆ ಹೇಳ್ದ್ ಮಾರಾಯಾ. ಇದ್ ದಬ್ಬಣದ ಆಟ ಅಲ್ಲನಾ? ಸಲಾಮು ಬಲಗೈಲಿ ಮಾಡಿಬಿಟ್ಟ ಮೇಲೆ ಅದನ್ನ ಕಾಲಲ್ಲಿ ಹಿಡಿದರೂ ನಂಗೆ ಎಂತ ಉಟ್ಟು? ಗೆಲ್ಲೊಕು ಅಷ್ಟೆ." ಕೋಲಿನಿಂದ ಬಸ್ಸಿನ ನೆಲ ತಟ್ಟಿದರು. "ನನ್ನ ಹತ್ರ ಒಂದ್ ಮಾತು ಕೇಳಿಕೆ ಆಗಿತ್ಲೆನಾ ನಿಂಗೆ? ಒಂದೂವರೆ ವರ್ಷ ಒಂದೇ ಊರಿಲಿ ಇದ್ದೆವಲ್ಲ."

ಹಿಂದಿನ ಸೀಟಿಗೆ ಅದು ಕೇಳಿಸಿರಬೇಕು. ಅಜ್ಜ ಕಿವುಡರ ಹಾಗೆ ಗಟ್ಟಿಯಾಗಿ ಮಾತಾಡುವವರು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಮನೆಯಲ್ಲಿ ಅತ್ತಿಗೆ ಬಿಸಿನೀರು ಕಾಯಿಸಿಟ್ಟಿದ್ದರು. ಮಗನ ಮುಖ ನೋಡಿ ಬಚ್ಚಲಿಗೆ ಕಳಿಸಿದರು. ಆಮೇಲೆ ನಾನು ಜಗಲಿಯಲ್ಲಿ ಬೂಟು ಬಿಚ್ಚಲು ಕುಳಿತೆ. ಎರಡು ಗಂಟೂ ಬಿಗಿದುಕೊಂಡಿದ್ದವು, ಬಿಚ್ಚಲು ಬರಲಿಲ್ಲ. ಅತ್ತಿಗೆ ಎದುರಿಗೆ ಬಂದು ನಿಂತರು. ನಡೆದದ್ದನ್ನು ಹೇಳಿದೆ. ಅಜ್ಜನಿಗಾಗಿ ಹಾಗೆ ಮಾಡಿದೆ, ಮನೆಯ ಕ್ರಮಕ್ಕಾಗಿ ಮಾಡಿದೆ ಎಂದೆ.

"ಅಜ್ಜನ ಹೆಸರು ಹೇಳ್ಬೇಡ," ಎಂದರು. ದನಿ ಏರಿಸಲಿಲ್ಲ. "ಆ ದಿನ ಮೆಣಸು ತುಂಬುವಾಗ ನಾನ್ ಅಲ್ಲೇ ಇದ್ದೆ ಪದ್ಮಯ್ಯ. ಐದ್ ಸಲ. ನಾನೂ ಲೆಕ್ಕ ಹಾಕಿದೆ. ಅವ ನಗಾಡಿಕಂಡ್ ನಿಂಗೆ ತೋರ್ಸಿಕೆ ಬಂದ, ನೀನ್ ಹೊಳೆಗೆ ಹೋದಿ."

ನಾನು ಬೂಟಿನ ಗಂಟನ್ನೇ ಕೀಳುತ್ತಾ ಕುಳಿತೆ.

"ಅಪ್ಪ ಇಲ್ಲದ ಹುಡುಗ ಅಂತ ನಿನ್ನ ಕೈಗೆ ಕೊಟ್ಟದ್ ನಾನ್. ದಬ್ಬಣ ಅಂತ ನಗಾಡಿದ್ರೂ ಕೊಟ್ಟೆ," ಎಂದು ಒಳಗೆ ಹೋದರು. ಅತ್ತಿಗೆ ಅದಾದ ಮೇಲೂ ನನಗೆ ಊಟ ಬಡಿಸಿದ್ದಾರೆ, ಜ್ವರ ಬಂದಾಗ ಕಷಾಯ ಕಾಯಿಸಿದ್ದಾರೆ. ದಬ್ಬಣ ಎಂದು ತಮಾಷೆ ಮಾತ್ರ ಮತ್ತೆ ಮಾಡಲಿಲ್ಲ.

ದೇರಪ್ಪ ಕೆಟ್ಟುಹೋಗಲಿಲ್ಲ. ಹಾಗೆ ಯಾರೂ ತಿಳಿಯಬಾರದು. ಮಾರನೆಯ ವರ್ಷ ಬಾಳೆಲೆ ಎಂಬ ಊರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು, ಹೋದ. ಸರೋಜ ಎಂಬ ಒಳ್ಳೆಯ ಹುಡುಗಿಯನ್ನು ಮದುವೆಯಾದ. ಹಬ್ಬಕ್ಕೆ ಬಂದರೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಕತ್ತಿ ಮಾತ್ರ ಮುಟ್ಟಲಿಲ್ಲ. ಕಣಕ್ಕೆ ಹೋಗೋಣವಾ ಎಂದರೆ, "ಮರ್ತ್‌ಹೋಗುಟು ಚಿಕ್ಕಪ್ಪ" ಎಂದು ನಗುತ್ತಿದ್ದ. ಪುಟ್ಟರಾಜು ಪುಣೆಗೆ ಹೋದವನು ಅಲ್ಲಿಯೇ ಮಾಸ್ಟರ್ ಆದ. ಪ್ರತಿ ವರ್ಷ ನನಗೊಂದು ಕಾರ್ಡು ಬರೆಯುತ್ತಿದ್ದ. ಕೊನೆಯ ಸಾಲು ಯಾವಾಗಲೂ ಒಂದೇ: ಎಡಗೈ ಅಣ್ಣ ಹೇಗಿದ್ದಾರೆ?

ಹನ್ನೊಂದನೆಯ ಕಾರ್ಡು ಬಂದ ವರ್ಷ ನಾನು ಒಂದು ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಾಳೆಲೆಯ ಬಸ್ಸು ಹತ್ತಿದೆ. ಒಂದು ಚೀಲದಲ್ಲಿ ನಮ್ಮ ಮರದ ಕಿತ್ತಳೆ. ಬೆಳ್ಯಪ್ಪಜ್ಜ ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು.

ಮಧ್ಯಾಹ್ನ. ದೇರಪ್ಪ ಕೂಲಿಯವರ ಲೈನ್ ಮನೆಗಳ ಕಡೆಯಿಂದ ಹಾಜರಿ ಪುಸ್ತಕ ಹಿಡಿದು ಬಂದ. ಸ್ವಲ್ಪ ದಪ್ಪಗಾಗಿದ್ದ. ಕಿವಿಯ ಹತ್ತಿರ ಎರಡು ಬಿಳಿ ಕೂದಲು. ನಾನು ಕುಳಿತುಕೊಳ್ಳದೆಯೇ ಗೋಣಿ ಬಿಚ್ಚಿ ಕತ್ತಿಯನ್ನು ಚಾಚಿದೆ. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಬಲಗೈ ಮುಂದೆ ತಂದ.

"ಎಡಗೈ," ಎಂದೆ. "ನಾನು ಹೇಳುವವರೆಗೆ ಅಂತ ದೀಪ ಮುಟ್ಟಿಸಿದ್ದೆ. ಈಗ ಹೇಳ್ತಾ ಇದ್ದೇನೆ. ಹಿಡಿ."

ಅವನು ನನ್ನನ್ನು ನೋಡಿದ. ಎಡಗೈಯಲ್ಲಿ ತೆಗೆದುಕೊಂಡ. ಅಂಗಳದಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಮಣಿಕಟ್ಟು ಕೂಡಲೇ ಸರಿಯಾಗಿ ಕುಳಿತಿತು, ತುದಿ ಅಲುಗಲಿಲ್ಲ. ಆಮೇಲೆ ಅವನು ಮುಂದೆ ನುಗ್ಗಿದ. ಕೈ ಒಂದು ಕಡೆಗೆ ಹೋಯಿತು, ಕಾಲು ಬಲಗೈಯವನ ಹೆಜ್ಜೆ ಇಟ್ಟು ಅಡ್ಡ ಬಂತು. ಮುಗ್ಗರಿಸಿದ. ಮತ್ತೊಮ್ಮೆ ನಿಂತು ನೋಡಿದ. ಮತ್ತೆ ಅದೇ.

"ಕೈಗೆ ಗೊತ್ತುಟ್ಟು ಚಿಕ್ಕಪ್ಪ," ಎಂದ, ಏದುಸಿರಿನ ನಡುವೆ ನಗುತ್ತಾ. "ಕಾಲಿಗೆ ಗೊತ್ತಿಲ್ಲೆ. ಕಾಲು ನಿಮ್ಮ ಮಾತೇ ಕೇಳುವುದು."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಮೆಟ್ಟಿಲ ಮೇಲೆ ಕುಳಿತು, ತುದಿಗೆ ಮೆತ್ತಿದ ಮಣ್ಣನ್ನು ಪಂಚೆಯ ಅಂಚಿನಿಂದ ಒರೆಸತೊಡಗಿದ.

ಒಳಗಿನಿಂದ ಅವನ ಮಗಳು ಓಡಿಬಂದಳು. ಬೊಳ್ಳಮ್ಮ, ನಾಲ್ಕು ವರ್ಷ. ನಾನು ಚೀಲದಿಂದ ದೊಡ್ಡದೊಂದು ಕಿತ್ತಳೆ ಆರಿಸಿ ಚಾಚಿದೆ. ಅವಳ ಎಡಗೈ ಮುಂದೆ ಬಂತು.

"ಬೊಳ್ಳಮ್ಮ, ಅಜ್ಜ ಕೊಡುವಾಗ ಯಾವ ಕೈ?" ಎಂದ ದೇರಪ್ಪ, ಕತ್ತಿಯಿಂದ ಕಣ್ಣೆತ್ತದೆ.

ಅವಳು ತಟ್ಟನೆ ಎಡಗೈಯನ್ನು ಲಂಗದ ಹಿಂದೆ, ಬೆನ್ನಿಗೆ ಸೇರಿಸಿ ಇಟ್ಟುಕೊಂಡಳು. ತಾನಾಗಿಯೇ.

"ಇರಲಿ ಬಿಡೋ," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. "ಯಾವ ಕೈಲಾದರೂ ತಕ್ಕೊಳ್ಳಲಿ. ತಕೋ ಮಗಾ, ಆ ಕೈಲೇ ತಕೋ."

ಅವಳು ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಅವನು ಒರೆಸುತ್ತಲೇ ಇದ್ದ. "ಬಲಗೈ ಅಭ್ಯಾಸ ಆಗಲಿ ಚಿಕ್ಕಪ್ಪ, ಈಗಿನಿಂದಲೇ ಆದರೆ ಕಷ್ಟ ಇಲ್ಲೆ," ಎಂದ. "ನಂಗೆ ತಡ ಆದದ್ದಕ್ಕೆ ಅಷ್ಟ್ ಕಷ್ಟ ಆದ್ದು."

ಬೊಳ್ಳಮ್ಮ ಬಲಗೈ ಚಾಚಿದಳು. ಹಣ್ಣು ಆ ಕೈಗೆ ದೊಡ್ಡದು, ಬೆರಳುಗಳು ಸರಿಯಾಗಿ ಸುತ್ತಲಿಲ್ಲ. ಬೀಳದ ಹಾಗೆ ನಾನು ಕೆಳಗಿನಿಂದ ನನ್ನ ಕೈ ಕೊಟ್ಟು ಹಿಡಿದುಕೊಂಡೆ.